ಕರೆಂಟಣ್ಣ ಕಟ್ಟಿದ ಕ್ರಿಸ್ಮಸ್ ಹಾರ

"ಈ ಸಲ ನಮ್ಮ ಬಾಗಿಲಿಗೆ ಪ್ಲಾಸ್ಟಿಕ್ ಹಾರ ಹಾಕೋದಿಲ್ಲ! ಹಿತ್ತಲಿನ ಹಸಿರೆಲೆ, ನನ್ನ ಸ್ವಂತ ಕೈ. ಅಷ್ಟೇ!" ಎಂದು ಕ್ರಿಸ್ಮಸ್ ಹಿಂದಿನ ದಿನ ಕರೆಂಟಣ್ಣ ಘೋಷಿಸಿದ.

ಬೀದಿಯವರೆಲ್ಲ ಹಾಗೆ ಕರೆಯುವ ಈ ಎಲೆಕ್ಟ್ರಿಷಿಯನ್‌ನ ಆವೇಶಕ್ಕೆ ಕಾರಣ, ಅತ್ತೆ. ಹೋದ ವರ್ಷ ಬಾಗಿಲಲ್ಲಿದ್ದ ಪ್ಲಾಸ್ಟಿಕ್ ಹಾರವನ್ನು ಆಕೆ ಎರಡು ಬೆರಳಲ್ಲಿ ಎತ್ತಿ ನೋಡಿ, "ತಂತಿ ಕೆಲಸ ಬಲ್ಲ ಅಳಿಯ ಮನೇಲಿದ್ದೂ ಇದಾ?" ಎಂದಿದ್ದರು. ಪಾಪ, ಆ ಮಾತು ವರ್ಷವಿಡೀ ಅವನನ್ನು ಚುಚ್ಚಿತ್ತು. ಸಂಜೆಗೆ ಅದೇ ಅತ್ತೆ ನೆಂಟರನ್ನೆಲ್ಲ ಕಟ್ಟಿಕೊಂಡು ಬರುವವರಿದ್ದರು.

"ರೀ, ಮೇಜಿನ ಮೇಲಿಟ್ಕೊಂಡು ಕಟ್ಟಿ," ಎಂದಳು ಹೆಂಡತಿ.

"ಮೇಜು ಕಲಿಯೋರಿಗೆ ಕಣೇ! ಏಣಿ ಮೇಲೆ ನಿಂತು ಕೆಲಸ ಮಾಡೋನು ನಾನು!"

ಏಣಿ ಹತ್ತುವಾಗ ತಂತಿಯ ಸುರುಳಿಯನ್ನು ಕೊರಳಿಗೆ ಹಾಕಿಕೊಂಡು ಎರಡೂ ಕೈ ಖಾಲಿ ಇಟ್ಟುಕೊಳ್ಳುವುದು ಅವನ ಹಳೇ ಅಭ್ಯಾಸ. ಏಣಿ ಇಲ್ಲದಿದ್ದರೂ ಇಲ್ಲೂ ಅದೇ ಆಯಿತು. ದಪ್ಪ ತಂತಿಯನ್ನು ದುಂಡಗೆ ಬಗ್ಗಿಸಿ ಕೊರಳಿಗೇರಿಸಿದ. ಬೇಲಿಯಿಂದ ತಂದ ಎಲೆಗೊಂಚಲುಗಳನ್ನು ಕಟ್ಟುತ್ತ, ಕಟ್ಟಿದ ಭಾಗವನ್ನು ಬೆನ್ನ ಕಡೆಗೆ ತಿರುಗಿಸುತ್ತ ಹೋದ. ನಡುನಡುವೆ ಕೆಂಪು ಕಾಯಿ ಸಿಕ್ಕಿಸಿದ. ಸಿಳ್ಳೆ ಹಾಕಿದ. ಕೊನೆಗೆ ಎರಡೂ ತುದಿಗಳನ್ನು ಸೇರಿಸಿ, ಬಿರುಗಾಳಿಗೂ ಜಗ್ಗದ ತನ್ನ ಜಗತ್ಪ್ರಸಿದ್ಧ ಜಾಯಿಂಟ್ ಹಾಕಿಯೇಬಿಟ್ಟ!

"ಹೇಗಿದೆ?"

"ಅಬ್ಬಾ, ಚೆನ್ನಾಗಿದೆ ರೀ! ತೆಗೀರಿ, ಬಾಗಿಲಿಗೆ ಹಾಕೋಣ."

ಕರೆಂಟಣ್ಣ ಎತ್ತಿದ. ಹಾರ ಗಲ್ಲದ ತನಕ ಬಂದು ನಿಂತಿತು. ಮತ್ತೆ ಎತ್ತಿದ. ಎಲೆಯ ಮೊನೆ ಮೂಗಿಗೆ ಹೊಕ್ಕು ಏಳೆಂಟು ಸೀನು ಬಂತು. ಹೆಂಡತಿ ಎಳೆದಳು, ಹಾರದ ಜೊತೆ ಗಂಡನೂ ಬಂದ. ಕಿವಿಗೆ ಎಣ್ಣೆ ಸವರಿದ್ದಾಯಿತು. ಅಡುಗೆಮನೆಯ ಕತ್ತರಿ ಮೊದಲ ಕಡಿತಕ್ಕೇ ಮೊಂಡಾಯಿತು.

"ತಂತಿ ಕತ್ತರಿಸೋ ಕಟಿಂಗ್ ಪ್ಲೇಯರ್ ಎಲ್ರೀ?"

"ಈಗ ತಾನೇ ಕೈಯಲ್ಲಿತ್ತು ಕಣೇ!"

ಮಂಚದ ಕೆಳಗೆ, ಅಕ್ಕಿ ಡಬ್ಬದಲ್ಲಿ, ಬಚ್ಚಲಲ್ಲಿ, ಎಲ್ಲಾ ಕಡೆ ಹುಡುಕಿದರು. ಬಗ್ಗಿದಾಗಲೆಲ್ಲ ಕರೆಂಟಣ್ಣನ ಕೊರಳಿಂದ ಇರುವೆಗಳು ಉದುರುತ್ತಿದ್ದವು.

ಅಷ್ಟರಲ್ಲಿ ಬೆಲ್ಲು!

ನೆಂಟರಿಗಿಂತ ಮೊದಲೇ ಅತ್ತೆ ಒಳಗೆ ಬಂದು ಅಳಿಯನ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದರು. ಕರೆಂಟಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕತ್ತಿನ ಹಿಂದೆ ಈ ಉದ್ದನೆಯ ಕೆಂಪು ಕಾಯಿ ಯಾವುದು, ಅಳಿಯಂದ್ರೇ?" ಎನ್ನುತ್ತ ಎಳೆದರು. ಕೆಂಪು ಹಿಡಿಯ ಕಟಿಂಗ್ ಪ್ಲೇಯರ್! ಕೈಗೆ ಸಿಗಲೆಂದು ಎಲೆಗಳ ನಡುವೆ ಸಿಕ್ಕಿಸಿ, ಹಾರದ ಜೊತೆ ಅದನ್ನೂ ಹಿಂದಕ್ಕೆ ತಿರುಗಿಸಿಬಿಟ್ಟಿದ್ದ ಮಹಾನುಭಾವ.

"ಕೊಡಮ್ಮ, ಬೇಗ ಕತ್ತರಿಸ್ತೀನಿ," ಎಂದು ಹೆಂಡತಿ ಕೈ ಚಾಚಿದಳು.

"ಮುಟ್ಟಬೇಡ!" ಅತ್ತೆ ಗದರಿದರು. "ಇಷ್ಟು ಚೆಂದದ ಹಾರ ನಾನು ನೋಡೇ ಇಲ್ಲ. ಕತ್ತರಿಸಿದ್ರೆ ಎಲ್ಲ ಬಿಚ್ಚಿಹೋಗುತ್ತೆ."

ವರ್ಷವಿಡೀ ಕಾದಿದ್ದ ಹೊಗಳಿಕೆ! ಕರೆಂಟಣ್ಣನ ಕಣ್ಣು ತುಂಬಿ ಬಂತು.

"ನೆಂಟರೆಲ್ಲ ಬೀದಿ ತಿರುವಿಗೆ ಬಂದಾಯ್ತು," ಎನ್ನುತ್ತ ಅತ್ತೆ ಪ್ಲೇಯರನ್ನು ತಮ್ಮ ಕೈಚೀಲಕ್ಕೆ ಹಾಕಿ ಜಿಪ್ ಎಳೆದರು. "ಅಳಿಯಂದ್ರೇ, ಹೋಗಿ ಬಾಗಿಲಿಗೆ ಒರಗಿ ನಿಂತ್ಕೊಳ್ಳಿ. ಅಲ್ಲಾಡಬೇಡಿ!"

ಬಂದ ನೆಂಟರೆಲ್ಲ ಹಾರವನ್ನು ಬಾಯ್ತುಂಬ ಹೊಗಳಿದರು. ಅದನ್ನು ಹೊತ್ತು ಅಲ್ಲಾಡದೆ ನಿಂತಿದ್ದ ಬಾಗಿಲಿನ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.