ಗಬ್ಬದ ಹಸುವಿಗೆ ಬೀಗ ಹಾಕಿದ ಡೇಟಾಬೇಸಿಗೆ

ಮಾನ್ಯ ಡೇಟಾಬೇಸ್ ಅವರೇ,

ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿಯ ಕೃಪೆಯಿಂದ ದುದ್ದ ಹೋಬಳಿಯ ನಮ್ಮ ಮಹಿಳಾ ಹಾಲು ಸಂಘದ ಹೆಂಗಸರೂ ಹಸುಗಳೂ ಕ್ಷೇಮ. ತಾವೂ ತಮ್ಮನ್ನು ಹೆತ್ತ ಕಂಪನಿಯವರೂ ತಂಪಾದ ಕೋಣೆಯಲ್ಲಿ ಸುಖವಾಗಿರುವಿರೆಂದು ನಂಬಿ, ಸಂಘದ ಅಧ್ಯಕ್ಷೆಯಾದ ನಾನು ಕೈಮುಗಿದು ಬರೆಯುತ್ತಿದ್ದೇನೆ.

ಮೊದಲು ಹೊಗಳಿಕೆ. ಯಾವ ಹಸುವಿಗೆ ಯಾವ ದಿನ ಗಬ್ಬದ ಇಂಜೆಕ್ಷನ್ ಕೊಡಿಸಿದೆವು ಎಂಬುದನ್ನೆಲ್ಲ ತಮ್ಮ ಹೊಟ್ಟೆಗೆ ಹಾಕಿದ್ದೆವು. ಎಷ್ಟು ಸಲ ಕರೆಂಟು ಹೋದರೂ ತಾವು ಒಂದಕ್ಷರ ಕಳೆದವರಲ್ಲ. ನಮ್ಮ ಯಜಮಾನರಿಗೆ ಮದುವೆಯಾದ ದಿನ ನೆನಪಿರದಿದ್ದರೂ ತಮಗೆ ನಮ್ಮ ಸಂಘದ ಮುದ್ದಮ್ಮನ ಹಸುವಿನ ದಿನ ನೆನಪಿತ್ತು. ಅದನ್ನು ನಂಬಿಯೇ ಅವಳು ಕೊಟ್ಟಿಗೆ ಗೋಡೆಯ ಮೇಲೆ ಮಸಿಯಲ್ಲಿ ಬರೆದಿಡುವುದನ್ನು ಬಿಟ್ಟಳು.

ತಾವು ಓಪನ್ ಸೋರ್ಸ್ ಎಂದು ಹೇಳಿಕೊಂಡೇ ಬಂದವರು. ಯಾರಾದರೂ ಒಳಗೆ ಇಣುಕಬಹುದು, ಕೆಟ್ಟದ್ದನ್ನು ತಿದ್ದಬಹುದು, ಇನ್ನೊಬ್ಬರಿಗೂ ಕೊಡಬಹುದು ಎಂದು ನಮ್ಮ ಕಾರ್ಯದರ್ಶಿ ಬಿಂದುಶ್ರೀ ಓದಿ ಹೇಳಿದಾಗ, ಇದು ನಮ್ಮೂರ ಪದ್ಧತಿಯೇ ಅಲ್ಲವೇ ಅನ್ನಿಸಿತು. ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ನಾವು ಬರಿದು ಕಳಿಸುವವರಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತೇವೆ. ಹಾಗೆಯೇ, ಹಸುಗಳ ಕನ್ನಡ ಹೆಸರು ಓದಲು ತಮಗೆ ಬಾರದಿದ್ದಾಗ ಬಿಂದುಶ್ರೀ ಅದನ್ನು ತಿದ್ದಿ ಕಂಪನಿಗೂ ಕಳಿಸಿದಳು. ಕಂಪನಿಯವರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಬಳಕೆಯ ಕರಾರಾದ ಲೈಸೆನ್ಸನ್ನೇ ಬದಲಾಯಿಸಿ, ಪಾತ್ರೆಗೆ ಬೀಗ ಜಡಿದರು. ಅರಕಲಗೂಡಿನ ಹೆಂಗಸರ ಸಂಘದ ಹಸುಗಳಿಗೂ ನಾವು ತಮ್ಮಲ್ಲಿ ಜಾಗ ಕೊಟ್ಟದ್ದು ಹೊಸ ನಿಯಮಕ್ಕೆ ವಿರುದ್ಧವಂತೆ. ಅದಕ್ಕೇ ನಮ್ಮ ಲೆಕ್ಕಕ್ಕೂ ಬೀಗ ಬಿತ್ತು; ಅಂದಿನಿಂದ ತಾವು ಬಾಯಿ ಬಿಟ್ಟಿಲ್ಲ.

ಕರು ಹಾಕುವ ಎರಡು ತಿಂಗಳು ಮೊದಲೇ ಹಾಲು ಕರೆಯುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಕರು ಸೊರಗುತ್ತದೆ. ಇಂಜೆಕ್ಷನ್ ಕೊಡಿಸಿದ ದಿನ ತಿಳಿಯದೆ ಆ ಲೆಕ್ಕ ಸಿಗದು. ಸುಮ್ಮನೆ ಮುಂಚೆಯೇ ನಿಲ್ಲಿಸೋಣವೆಂದರೆ ಮುದ್ದಮ್ಮನ ಸಂಸಾರ ನಡೆಯುವುದೇ ಆ ಒಂದು ಹಸುವಿನಿಂದ. ಅವಳು ಸಂಘದ ಬಾಗಿಲಲ್ಲಿ ನಿಂತು, “ಅಲ್ಲಾ ಕಣಕ್ಕ, ನನ್ನಸ ಯಾವತ್ತು ಗಬ್ಬ ಆಯ್ತು ಅಂತ ಯೋಳಕ್ಕೂ ಆ ಕಂಪ್ನಿಯವ್ನ ಅಪ್ಪಣೆ ಬೇಕಾ?” ಎಂದಳು. ಬೇಕಂತೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಆದಕಾರಣ ಬೇರೆ ಡೇಟಾಬೇಸ್ ನೋಡುತ್ತಿದ್ದೇವೆ, ಬೇಸರ ಪಡಬೇಡಿ. ಲೈಸೆನ್ಸು ಒಳ್ಳೆಯದೆಂದ ಮಾತ್ರಕ್ಕೆ ನಂಬುವ ಕಾಲ ಮುಗಿಯಿತು. ಎರಡು ಡೇಟಾಬೇಸ್ ತಂದು, ಅವು ಬರೆದುಕೊಳ್ಳುತ್ತಿರುವಾಗಲೇ ಪ್ಲಗ್ ಕಿತ್ತು ಪರೀಕ್ಷೆ ಮಾಡಿದೆವು. ಒಂದು “ಬರೆದುಕೊಂಡೆ” ಎಂದು ಹೇಳಿ, ಎದ್ದ ಮೇಲೆ ಮರೆತಿತ್ತು. ಅಂಥ ಬಾಯಿಮಾತಿನ ಧಾರಾಳಿ ನಮಗೆ ಬೇಡ. ಇನ್ನೊಂದು ಸ್ವಲ್ಪ ನಿಧಾನ, ಆದರೆ ಆಡಿದ ಮಾತು ಉಳಿಸಿಕೊಂಡಿತು. ಅದಕ್ಕೆ ಒಬ್ಬನೇ ಯಜಮಾನನಿಲ್ಲ, ಹಾಗಾಗಿ ಒಬ್ಬನ ಮನಸ್ಸು ತಿರುಗಿದರೂ ಬೀಗ ಬೀಳುವುದಿಲ್ಲ ಎಂದಳು ಬಿಂದುಶ್ರೀ. “ಯಜಮಾನ್ನೇ ಇಲ್ಲ ಅಂದ್ರೆ, ಕೆಟ್ಟೋದಾಗ ಯಾರ್ನ ಬೈಯಾದು?” ಎಂದು ಮುದ್ದಮ್ಮ ಕೇಳಿದ್ದು ನ್ಯಾಯವೇ. ಬೈಯಲು ಈ ಕಂಪನಿಯವರು ಇದ್ದೇ ಇದ್ದಾರಲ್ಲ ಎಂದು ಸಮಾಧಾನ ಹೇಳಿದ್ದೇನೆ.

ತಮ್ಮಲ್ಲಿ ಬೇಡಿಕೆ ಇಷ್ಟೇ. ನಮ್ಮ ಹಸುಗಳ ದಿನಗಳನ್ನು ನಮಗೆ ಹಿಂದಿರುಗಿಸಿ. ಅದು ಕಷ್ಟವಾದರೆ, ಲೈಸೆನ್ಸಿನ ತಕರಾರು ತೀರುವವರೆಗೆ ಹೆರಿಗೆಯನ್ನು ಮುಂದೂಡುವಂತೆ ಹಸುಗಳಿಗೆ ತಾವೇ ಒಂದು ಸುತ್ತೋಲೆ ಕಳುಹಿಸಿ.

ಇಷ್ಟಾದರೂ ತಮ್ಮ ವಿಶ್ವಾಸಿ,
ಶಿವಗಂಗಮ್ಮ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಮುದ್ದಮ್ಮನ ಹಸು ಕರು ಹಾಕಿದೆ. ಹೆಣ್ಣು ಕರು, ಬಹಳ ಸಣ್ಣದು, ಕಾಲು ನಡುಗುತ್ತಿದೆ; ಆದರೂ ದೇವಿ ದಯೆಯಿಂದ ಎದ್ದು ನಿಂತಿದೆ. ಅಪ್ಪಣೆಯಿಲ್ಲದೆ ಹೆತ್ತದ್ದು ನಿಯಮಕ್ಕೆ ವಿರುದ್ಧವಾದರೆ ನೋಟಿಸನ್ನು ಹಸುವಿನ ಹೆಸರಿಗೇ ಕೊಡಿ. ಹೊಸ ಬಾಣಂತಿ, ಹತ್ತಿರ ಹೋದವರನ್ನು ಹಾಯುತ್ತಿದೆ; ಆದ್ದರಿಂದ ಅಂಚೆಯಣ್ಣನಿಗೆ ತೊಂದರೆ ಕೊಡದೆ ಕಂಪನಿಯ ಹಿರಿಯರೇ ಖುದ್ದಾಗಿ ಬಂದು ತಲುಪಿಸಬೇಕಾಗಿ ವಿನಂತಿ.