ಬರೀ ತುಟಿ ಆಡ್ಸಿ

ಮೂರು ಐಸ್‌ಕ್ರೀಮು ತಿಂದವಳು ಒಬ್ಬಳು, ಅದರ ಫಲ ಉಂಡವಳು ಇನ್ನೊಬ್ಬಳು.

ಪರದೇಶದಲ್ಲಿ ಕಾರ್ಯಕ್ರಮದ ದಿನ ಬೆಳಿಗ್ಗೆ, ಯುವ ಗಾಯನ ತಂಡದ ಮುಖ್ಯ ಹಾಡುಗಾರ್ತಿ ಬಾಯಿ ತೆರೆದರೆ ಗಾಳಿ ಬಿಟ್ಟ ಸೈಕಲ್ ಚಕ್ರದಂತೆ ‘ಸುಸ್’ ಎಂದಿತು. ಅವಳು ಒಂಟಿಯಾಗಿ ಹಾಡುವ ನಾಲ್ಕು ಸಾಲನ್ನು ಹಾಡು ಕಲಿಸುವ ಮೇಷ್ಟ್ರು ತಂಡದ ಇನ್ನೊಬ್ಬ ಹುಡುಗಿ ಪುಟ್ಟಿಗೆ ಕೊಟ್ಟರು. ಆದರೆ ಖಾಲಿ ಜಾಗಕ್ಕೇನು ಮಾಡುವುದು? ಅಲ್ಲಿನ ಆರ್ಕೆಸ್ಟ್ರಾದವರು ‘ನಲವತ್ತು ಕಂಠಗಳು’ ಎಂದು ಊರೆಲ್ಲ ಭಿತ್ತಿಪತ್ರ ಅಂಟಿಸಿದ್ದರು. ಅವರ ನಿರ್ದೇಶಕ, ಬಿಳಿಗಡ್ಡದವನು, ತಲೆ ಎಣಿಸಿ ನೋಡುವ ಆಸಾಮಿ ಬೇರೆ.

ಮೇಷ್ಟ್ರ ಕಣ್ಣು ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಸೂಜಿ ಅತ್ತೆಯ ಮೇಲೆ ಬಿತ್ತು. ತಂಡದ ಗೌನುಗಳನ್ನೆಲ್ಲ ಹೊಲಿದವಳು ಅವಳೇ. ಪುಟ್ಟಿಗೆ ಸೋದರತ್ತೆ, ಹಾಗಾಗಿ ಎಲ್ಲರಿಗೂ ಅತ್ತೆ. ಕಿತ್ತ ಗುಂಡಿ, ಬಿಚ್ಚಿದ ಅಂಚು ನೋಡಿಕೊಳ್ಳಲೆಂದು ಜೊತೆಗೆ ಬಂದಿದ್ದಳು.

“ಅತ್ತೆ, ನೀವು ನಿಂತ್ಕೊಳ್ಳಿ.”

“ನಾನಾ? ಹೊರಗೆ ಯುವ ತಂಡ ಅಂತ ಬರ್ದಿದ್ದಾರಲ್ಲ ಮೇಷ್ಟ್ರೇ!”

“ಹಿಂದಿನ ಸಾಲಲ್ಲಿ ಯಾರ ವಯಸ್ಸೂ ಕಾಣಲ್ಲ. ಹಾಡೋದೇನೂ ಬೇಡ. ಬರೀ ತುಟಿ ಆಡ್ಸಿ.”

ಇಸ್ತ್ರಿಪೆಟ್ಟಿಗೆ ಒಂದು ಕ್ಷಣ ನಿಂತಿತು. ಅವಳ ಹನ್ನೊಂದನೇ ವಯಸ್ಸಿನಲ್ಲಿ ಶಾಲೆಯ ಟೀಚರ್ ಕೂಡ ಇದನ್ನೇ ಹೇಳಿದ್ದರು: ‘ನಿನ್ನ ದನಿ ಎಲ್ಲರೊಳಗೆ ಬೆರೆಯಲ್ಲ, ಬೇರೆಯಾಗೇ ನಿಲ್ಲುತ್ತೆ. ನೀನು ಬರೀ ತುಟಿ ಆಡಿಸು.’ ಅಂದಿನಿಂದ ಅವಳು ಬಚ್ಚಲಲ್ಲೂ ಹಾಡಿದವಳಲ್ಲ. ಆದರೆ ಎರಡು ವರ್ಷ ಅಭ್ಯಾಸದ ಕೋಣೆಯಲ್ಲಿ ಗುಂಡಿ ಹಾಕುತ್ತ ಕೂತು ಕೂತು, ಹಾಡುಗಳೆಲ್ಲ ಅವಳೊಳಗೆ ದಾರದುಂಡೆಯಂತೆ ಸುತ್ತಿಕೊಂಡಿದ್ದವು. ಒಂದೇ ಒಂದು ಸಲ ಬಿಚ್ಚಿ ನೋಡಬೇಕೆಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ.

ಐಸ್‌ಕ್ರೀಮಿನ ಹುಡುಗಿ ಕಡ್ಡಿಯಂಥವಳು. ಅವಳ ಗೌನಿನ ಪಕ್ಕ ಬಿಚ್ಚಿ, ಒಳಗಿದ್ದಷ್ಟು ಬಟ್ಟೆ ಎಳೆದು, ಅತ್ತೆ ಕಚ್ಚಾ ಹೊಲಿಗೆ ಹಾಕಿ ತೊಟ್ಟಳು.

“ಜೋರಾಗಿ ಉಸಿರು ಎಳೀಬೇಡ ಅತ್ತೆ, ಬಿಟ್ಕೊಂಡು ಹೋಗುತ್ತೆ,” ಎಂದು ಪುಟ್ಟಿ ನಕ್ಕಳು.

ಮಧ್ಯಾಹ್ನದ ತಾಲೀಮಿನ ನಡುವೆ ಗಡ್ಡದವನು ಕೋಲು ತಟ್ಟಿ ನಿಲ್ಲಿಸಿದ. ಅತ್ತೆಯ ಕಡೆ ಬೆರಳು ಮಾಡಿ ಏನೋ ಗುಡುಗಿದ. ಮೇಷ್ಟ್ರ ಜೀವ ಬಾಯಿಗೆ ಬಂತು.

“ಆ ಅಮ್ಮನ ಬಾಯಿ ನೋಡಿ ಅಂತಿದ್ದಾರೆ,” ಎಂದಳು ದುಭಾಷಿ. “ಒಂದೊಂದು ಅಕ್ಷರಕ್ಕೂ ಎಷ್ಟು ಚೆನ್ನಾಗಿ ತೆರೀತಾರೆ! ನೀವೆಲ್ಲ ಬಿಸಿ ತುತ್ತು ಬಾಯಲ್ಲಿಟ್ಕೊಂಡ ಹಾಗೆ ಹಾಡ್ತೀರಂತೆ.”

ನಲವತ್ತು ವರ್ಷ ತೆರೆಯದ ಬಾಯಿ, ಸುಮ್ಮನೆಯೇ?

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆತ ಅತ್ತೆಯನ್ನು ಮುಂದಿನ ಸಾಲಿಗೆ ಕರೆದು, ಆ ನಾಲ್ಕು ಸಾಲು ಇನ್ನು ಇವರದೇ ಎಂದುಬಿಟ್ಟ. ಅಷ್ಟರಲ್ಲಿ ವಾದಕರ ಚಹಾದ ಹೊತ್ತಾಯಿತು. ಹಾಡಿಸಿ ನೋಡಲೂ ಇಲ್ಲ.

“ನಾನು ದರ್ಜಿ ಅಂತ ಹೇಳ್ಬಿಡಿ ಮೇಷ್ಟ್ರೇ.”

“ಈಗ ಹೇಳಿದ್ರೆ ಎಲ್ಲರ ಮಾನ ಹೋಗುತ್ತೆ. ಪುಟ್ಟಿ ನಿಮ್ಮ ಬೆನ್ನ ಹಿಂದೇನೇ ನಿಂತು ಹಾಡ್ತಾಳೆ. ನೀವು ಮಾತ್ರ, ನಿಮ್ಮ ದಮ್ಮಯ್ಯ, ಬರೀ ತುಟಿ!”

ಸಂಜೆ ಸಭಾಂಗಣ ತುಂಬಿತ್ತು. ಪಿಟೀಲುಗಳು ಮೆಲ್ಲಗಾದವು. ಕೋಲು ಅತ್ತೆಯತ್ತ ತಿರುಗಿತು. ಪುಟ್ಟಿಯ ದನಿಯ ಮರೆಯಲ್ಲಿ ತಾನೂ ಒಂದಿಷ್ಟು ಹಾಡಿಕೊಂಡರೆ ಯಾರಿಗೆ ತಿಳಿದೀತು ಅನ್ನಿಸಿತು ಅವಳಿಗೆ. ಕಣ್ಣು ಮುಚ್ಚಿ ಹಾಡಿಯೇಬಿಟ್ಟಳು.

ಹಾಡು ಸಭಾಂಗಣದ ಕೊನೆಯ ಗೋಡೆ ಮುಟ್ಟಿ ಬಂತು. ಅತ್ತೆಗೆ ಆಶ್ಚರ್ಯ: ಈ ಹುಡುಗಿಯ ದನಿ ಇಷ್ಟು ತುಂಬಿಕೊಂಡದ್ದು ಯಾವಾಗ? ತಾನು ಉಸಿರು ಎಳೆದಲ್ಲೇ ಅವಳೂ ಎಳೆಯುತ್ತಿದ್ದಾಳಲ್ಲ! ಆ ಖುಷಿಗೆ ಹೊಟ್ಟೆಯಾಳದಿಂದ ಉಸಿರು ತೆಗೆದಳು. ಪಕ್ಕದ ಹೊಲಿಗೆ ಪಟಪಟ ಬಿಟ್ಟುಕೊಂಡಿತು. ಅವಳು ನಿಲ್ಲಿಸಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪರದೆ ಬೀಳುತ್ತಲೇ ಮೇಷ್ಟ್ರು ಓಡಿಬಂದರು. ಅತ್ತೆಯನ್ನು ದಾಟಿ ಹೋಗಿ ಪುಟ್ಟಿಯ ಕೈಗೆ ಹೂಗುಚ್ಛ ತುರುಕಿದರು. “ಮಾನ ಉಳಿಸ್ದೆ ಮಗಳೇ!” ಆಮೇಲೆ ಇತ್ತ ತಿರುಗಿದರು. “ತುಟಿ ಚೆನ್ನಾಗೇ ಆಡ್ಸಿದ್ರಿ. ಅಲ್ಲಾ, ಸುಮ್ನೆ ನಿಂತಿದ್ದಕ್ಕೆ ಗೌನು ಹೇಗೆ ಹರೀತು?”

“ಕಚ್ಚಾ ಹೊಲಿಗೆ, ಮೇಷ್ಟ್ರೇ.”

ಬಟ್ಟೆ ಬದಲಿಸುವ ಕೋಣೆಯಲ್ಲಿ ಅತ್ತೆ ಗೌನು ಮಡಿಲಲ್ಲಿಟ್ಟುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪುಟ್ಟಿ ಬಾಗಿಲು ಹಾಕಿ ಬಂದಳು. ಹೂಗುಚ್ಛದ ಹಿಂದೆ ಮುಖ ಕಾಣುತ್ತಿರಲಿಲ್ಲ.

“ಅತ್ತೆ... ನನಗೆ ಭಯ ಆಗ್ಬಿಡ್ತು. ನಾನು ಹಾಡ್ಲೇ ಇಲ್ಲ. ಬರೀ ತುಟಿ ಆಡಿಸ್ದೆ.”

ದಾರ ಸೂಜಿಯ ಕಣ್ಣು ತಪ್ಪಿತು. ಟೀಚರ್ ಹೇಳಿದ್ದು ಸುಳ್ಳೇನಲ್ಲ. ದನಿ ಬೇರೆಯಾಗಿಯೇ ನಿಂತಿತ್ತು.

“ಮೇಷ್ಟ್ರಿಗೆ ಹೇಳ್ಬೇಡ ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ. ಮುಂದಿನ ವರ್ಷ ನಾಲ್ಕು ಊರಲ್ಲಿ ಕಾರ್ಯಕ್ರಮ ಇದ್ಯಂತೆ, ಎಲ್ಲಾ ಕಡೆ ನಾನೊಬ್ಬಳೇ ಹಾಡ್ಬೇಕಂತೆ. ನೀನೂ ಬಾ.”

“ಬಂದು?”

“ನನ್ನ ಹಿಂದೆ ನಿಂತ್ಕೋ.”

ಅತ್ತೆ ಗೌನನ್ನು ಒಳಮಗ್ಗುಲು ತಿರುಗಿಸಿ, ಹರಿದ ಪಕ್ಕವನ್ನು ಬೆರಳಲ್ಲಿ ಅಳೆದಳು.

“ಹಾಗಾದ್ರೆ ಇಲ್ಲಿಗೆ ಇನ್ನೂ ನಾಲ್ಕಂಗುಲ ಬಟ್ಟೆ ಕೊಡ್ಬೇಕು ಕಣೇ,” ಎಂದು ದಾರದ ತುದಿ ಕಚ್ಚಿದಳು.