ರೋಗಿಸಹಿತ ಅರ್ಜಿ

ರಾಯಚೂರಿನ ನಮ್ಮ ಸಮುದಾಯ ಕಾಲೇಜಿನಲ್ಲಿ ನರ್ಸಿಂಗ್ ಸಹಾಯಕರ ತರಬೇತಿಗೆ ಅರ್ಜಿ ಹಾಕುವವರಿಗೆ ಹದಿನೆಂಟು ತುಂಬಿರಬೇಕು, ಮತ್ತು ಅವರು ಒಬ್ಬ ರೋಗಿಯನ್ನು ಜೊತೆಗೆ ತರತಕ್ಕದ್ದು. ಪ್ರವೇಶದ ತನಕವೂ, ಆಮೇಲೆ ಕೋರ್ಸ್ ಮುಗಿಯುವ ತನಕವೂ ಸದರಿ ರೋಗಿ ಗುಣಮುಖನಾಗತಕ್ಕದ್ದಲ್ಲ, ಮನೆಗೂ ಹೋಗತಕ್ಕದ್ದಲ್ಲ. ಇದಕ್ಕೆ ನಗುವವರುಂಟು. ಹೊಲಿಗೆ ಕಲಿಯುವವರು ಬಟ್ಟೆ ತಾವೇ ತರುವುದಿಲ್ಲವೇನ್ರಿ? ಪ್ರವೇಶ ವಿಭಾಗದ ಗುಮಾಸ್ತನಾಗಿ ನಾನು, ಪಕೀರಪ್ಪ, ಕೇಳುತ್ತಿದ್ದೇನೆ.

ದೇವದುರ್ಗದ ಕಡೆಯ ಗೂಗಲ್ ಊರಿನಿಂದ ಶಿವಗಂಗಾ ಎಂಬ ಹುಡುಗಿ ತನ್ನ ಅಜ್ಜಿ ಅಂಬಮ್ಮನನ್ನು ಕರೆತಂದಳು. ಸೀಟು ಸಿಗದಿದ್ದರೆ ಕುರ್ಡಿಯ ಸೋದರಮಾವ ಬಸವಲಿಂಗನಿಗೆ ಆಕೆಯನ್ನು ಕೊಡುವುದೆಂದು ಮನೆಯಲ್ಲಿ ಠರಾವಾಗಿತ್ತು. ಮಾವನಿಗೆ ವಯಸ್ಸು ಹೆಚ್ಚು, ಹಲ್ಲು ಕಡಿಮೆ.

ಅಜ್ಜಿಯ ಕೆಮ್ಮು ಕೇಳಿ ಪ್ರಿನ್ಸಿಪಾಲ್ ಕುತುಬುದ್ದೀನ್ ಸಾಹೇಬರು ಸಂತೋಷಪಟ್ಟರು. "ಭಾಳ ಚಲೋ ಅದ. ಶುಕ್ರವಾರ ಸೀಟಿನ ಪಟ್ಟಿ ಹಚ್ತೀವಿ, ಅಲ್ಲೀತನಕ ಜ್ವಾಪಾನ."

ಅಜ್ಜಿಗೆ ವರಾಂಡದಲ್ಲಿ ಮಂಚ ಕೊಟ್ಟೆವು. ಮಾತಾಡಿಸಲು ಊರಿಂದ ಜನ ಬರತೊಡಗಿತು. ಬಂದವರು ಬ್ರೆಡ್ಡು ಇಟ್ಟು, ಮಂಚದ ಮೇಲೆ ಕುಂತು, ಇದೇ ಕೆಮ್ಮಿನಲ್ಲಿ ಸತ್ತವರ ಹೆಸರನ್ನೆಲ್ಲ ಹೇಳಿ ಹೋಗುತ್ತಿದ್ದರು. ಶಿವಗಂಗಾಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ಗೇಟಿನಾಚೆ ಕಳಿಸಿ, ಅಜ್ಜಿಗೆ ಬಿಸಿನೀರು ಕುಡಿಸಿ, ತಾನು ನಿದ್ದೆಗೆಟ್ಟು ಕಾದಳು. ಅಜ್ಜಿ ಕಣ್ತುಂಬ ನಿದ್ದೆ ಮಾಡಿದಳು. ಗುರುವಾರ ಕೆಮ್ಮು ಹೋಯಿತು.

"ಯವ್ವಾ, ನಾಳಿ ತನಕ ಒಂದೀಟು ಕೆಮ್ಮಬೇ," ಹುಡುಗಿ ಅಳುಮೋರೆ ಮಾಡಿದಳು.

"ಎಲ್ಲಿಂದ ತರ್ಲೆವ್ವಾ? ಬರವಲ್ದು."

ಶುಕ್ರವಾರ ಅರ್ಜಿ ವಜಾ ಆಯಿತು. ಠಸ್ಸೆ ಹೊಡೆದವನು ನಾನೇ. ರೋಗಿಯನ್ನು ಗುಣಪಡಿಸಿದವರನ್ನು ಈ ತರಬೇತಿಗೆ ಹೇಗೆ ಸೇರಿಸಿಕೊಳ್ಳುವುದು?

ಶಿವಗಂಗಾ ಮೆಟ್ಟಿಲ ಮೇಲೆ ಕುಸಿದು ಕುಂತು ಕೆಮ್ಮಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಸಾಹೇಬರು ಕಿವಿ ನಿಮಿರಿಸಿ ಹೊರಬಂದರು.

"ಈಕಿ ಯಾರ ರೋಗಿ?"

ಅಂಬಮ್ಮ ಮೊಮ್ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. "ನನ್ನ ರೋಗಿರೀ ಯಪ್ಪಾ. ನಾನ ಜ್ವಾಪಾನ ಮಾಡಾಕತ್ತೀನಿ."

ನಿಯಮ ನೋಡಿದೆ. ಅಂಬಮ್ಮನಿಗೆ ಹದಿನೆಂಟು ತುಂಬಿ ಬಹಳ ಕಾಲವಾಗಿತ್ತು. ಪ್ರವೇಶ ನೀಡಲಾಯಿತು.

ಈಗ ಅಂಬಮ್ಮ ಬಿಳಿ ಕೋಟು ತೊಟ್ಟು ತರಗತಿಯಲ್ಲಿ ಕೂಡುತ್ತಾಳೆ. ಪಾಠ ಓದುವವಳು ಮಂಚದ ಮೇಲಿನ ಶಿವಗಂಗಾ. ಜ್ವರ ಬಿಟ್ಟು ಎಷ್ಟೋ ದಿನವಾಯಿತು. ಸಾಹೇಬರು ಬರುವಾಗ ಮಾತ್ರ ಕೆಮ್ಮುತ್ತಾಳೆ, ಸಾಹೇಬರೂ ಮೊದಲು ಬಾಗಿಲಲ್ಲಿ ತಾವೇ ಕೆಮ್ಮಿ ಒಳಬರುತ್ತಾರೆ.

ಮೊನ್ನೆ ಬಸವಲಿಂಗ ಬ್ರೆಡ್ಡು ಹಿಡಿದು ಬಂದ. "ಮದಿವಿ ಯಾವಾಗಬೇ?"

"ರೋಗಿನ್ನ ಬಿಡಂಗಿಲ್ಲ. ಬ್ರೆಡ್ ಇಟ್ಟು ನಡಿ," ಎಂದಳು ಅಂಬಮ್ಮ, ಕೋಟು ಸರಿಮಾಡಿಕೊಂಡು.

ಆತ ನನ್ನ ಕಡೆ ನೋಡಿದ. ನಿಯಮ ಅದ ಎಂದೆ. ಆತ ದವಡೆ ಹಿಡಿದುಕೊಂಡು ಮೆಲ್ಲಗೆ ಕೇಳಿದ: "ನನಗೂ ಹಲ್ಲುನೋವು ಅದರೀ. ರೋಗಿ ಸಿಗದೋರು ಯಾರರ ಅದಾರೇನು?"

ಮಾನ್ವಿಯ ವಾಹಿದಾ ಎಂಬಾಕೆ ರೋಗಿಯಿಲ್ಲದೆ ಗೇಟಿನಲ್ಲೇ ನಿಂತಿದ್ದಳು. ಆಕೆಗೆ ಕೂಡಲೇ ಸೀಟು ಕೊಟ್ಟೆವು. ಕೋರ್ಸ್ ಮುಗಿಯುವ ತನಕ ಹಲ್ಲು ಕೀಳಿಸುವುದಿಲ್ಲವೆಂದು ಬಸವಲಿಂಗನಿಂದ ಮುಚ್ಚಳಿಕೆ ಬರೆಸಿಕೊಂಡಿದ್ದೇವೆ.